ಕಾರ್ಖಾನೆ ಬೆಲೆಯ ಸೂಚ್ಯಂಕ: ತೋಟದವರು ಓದಬೇಕಾದ ಬಗೆ



ಪ್ರತಿ ತಿಂಗಳೂ 14ನೆಯ ತಾರೀಖಿನ ಸುಮಾರಿಗೆ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ. ಸಗಟು ಬೆಲೆ ಸೂಚ್ಯಂಕ ಇಷ್ಟು ಏರಿತು, ಅಥವಾ ಅದರ ಏರಿಕೆ ಇಷ್ಟಕ್ಕೆ ಇಳಿಯಿತು ಎಂದು. ವಾಚನಾಲಯದಲ್ಲಿ ಆ ಪುಟವನ್ನು ಮಗುಚಿ ಅಡಿಕೆ ಧಾರಣೆಗೆ ಹೋಗುವವರೇ ಹೆಚ್ಚು. ನಾನೂ ಬಹಳ ಕಾಲ ಹಾಗೆಯೇ ಮಾಡಿದವನು. ಆದರೆ ಆ ಸುದ್ದಿಯನ್ನು ಅರೆಬರೆ ಓದಿ ಸಲಹೆ ಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಸಿರಿಮನೆಯಲ್ಲಿ ತಿಳಿಯಿತು. ಅದನ್ನೇ ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

2023ರ ಜನವರಿಯಲ್ಲಿ ಅಲ್ಲಿ ಒಂದು ರೈತರ ಸಭೆ ಇತ್ತು. ಔಷಧಿ ಹೊಡೆಯುವ ಪಂಪು ಮತ್ತು ಪೈಪು ಈಗಲೇ ಕೊಳ್ಳಬೇಕೇ, ಮಳೆಗಾಲದ ಮೊದಲು ಕೊಂಡರೆ ಸಾಕೇ ಎಂದು ಒಬ್ಬರು ಕೇಳಿದರು. ಹಿಂದಿನ ಡಿಸೆಂಬರಿನ ಸಗಟು ಬೆಲೆ ಏರಿಕೆ ಶೇ. 5ಕ್ಕಿಂತ ಕೆಳಗೆ ಬಂದಿದೆ ಎಂಬ ಸುದ್ದಿಯನ್ನು ನಾನು ಆಗಷ್ಟೇ ಓದಿದ್ದೆ. ಅದೇ ವರ್ಷದ ಮೇ ತಿಂಗಳಲ್ಲಿ ಅದು ಶೇ. 15ನ್ನು ದಾಟಿತ್ತು. "ಬೆಲೆ ಇಳಿಯುತ್ತಿದೆ, ಸ್ವಲ್ಪ ಕಾಯಿರಿ" ಎಂದುಬಿಟ್ಟೆ. ನಾಲ್ಕಾರು ಮಂದಿ ಕಾದರು. ಮೇ ತಿಂಗಳಲ್ಲಿ ಅಂಗಡಿಗೆ ಹೋದಾಗ ಪಂಪಿನ ಬೆಲೆ ಒಂದು ರೂಪಾಯಿಯೂ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಸಾಲದ್ದಕ್ಕೆ, ಎಲ್ಲರೂ ಒಟ್ಟಿಗೆ ಕೊಳ್ಳಲು ಬಂದದ್ದರಿಂದ ದಾಸ್ತಾನು ಸಾಲದೆ ಇಬ್ಬರಿಗೆ ಪಂಪು ಸಿಕ್ಕಿದ್ದು ಮಳೆ ಹಿಡಿದ ಮೇಲೆ. ಸಿರಿಮನೆ, ಕಿಗ್ಗದ ಕಡೆಯ ಮಳೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲ ಸಲದ ಬೋರ್ಡೋ ತಡವಾದರೆ ಕೊಳೆ ರೋಗ ಯಾರನ್ನೂ ಕಾಯುವುದಿಲ್ಲ. ಆ ಇಬ್ಬರ ತೋಟದಲ್ಲಿ ಕಾಯಿ ಉದುರಿದ್ದನ್ನು ನಾನೇ ಹೋಗಿ ನೋಡಿದೆ. ತಪ್ಪು ನನ್ನದು. ಪತ್ರಿಕೆಯ ಸಂಖ್ಯೆ ಸರಿಯಾಗಿಯೇ ಇತ್ತು. ನಾನು ಅದನ್ನು ಓದಿದ ಬಗೆ ಸರಿ ಇರಲಿಲ್ಲ.

ಈ ಸೂಚ್ಯಂಕ ಎಂದರೇನು?

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದಲ್ಲಿ ಆರ್ಥಿಕ ಸಲಹೆಗಾರರ ಕಚೇರಿ ಎಂದು ಒಂದಿದೆ. ದೇಶದಲ್ಲಿ ಸರಕುಗಳು ದೊಡ್ಡ ಪ್ರಮಾಣದಲ್ಲಿ ಮೊದಲು ಕೈ ಬದಲಾಗುವಾಗ ಇರುವ ಬೆಲೆಯನ್ನು ಆ ಕಚೇರಿ ಕಲೆಹಾಕುತ್ತದೆ. ಕಾರ್ಖಾನೆಯ ಮಾಲಿಗೆ ಕಾರ್ಖಾನೆ ಬಾಗಿಲಿನ ಬೆಲೆ, ಬೆಳೆಗೆ ಮಂಡಿಯ ಬೆಲೆ. ಒಂದು ವರ್ಷವನ್ನು ಮೂಲವರ್ಷವೆಂದು ಇಟ್ಟುಕೊಂಡು, ಆ ವರ್ಷದ ಬೆಲೆಯನ್ನು 100 ಎಂದು ಎಣಿಸಿ, ಈಗ ಎಷ್ಟಾಗಿದೆ ಎಂದು ಹೇಳುವುದೇ ಸೂಚ್ಯಂಕ. 150 ಎಂದರೆ ಮೂಲವರ್ಷದಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸರಕಿನ ಗಂಟಿಗೆ ಈಗ ನೂರೈವತ್ತು ರೂಪಾಯಿ ಬೇಕು ಎಂದು ಅರ್ಥ.

ಇದು ಹೊಸ ಲೆಕ್ಕವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಜನವರಿಯಿಂದ ಇದು ಆರಂಭವಾಯಿತು. ಆಗ ಲೆಕ್ಕಕ್ಕೆ ಹಿಡಿದದ್ದು 23 ಸರಕುಗಳನ್ನು ಮಾತ್ರ. 1939ರ ಆಗಸ್ಟ್ 19ಕ್ಕೆ ಮುಗಿದ ವಾರವನ್ನು 100 ಎಂದು ಇಟ್ಟುಕೊಂಡಿದ್ದರು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರು ಸೇರಿ ಮಾಮ್‌ಕೋಸ್ ಕಟ್ಟಿಕೊಂಡದ್ದೂ 1939ರಲ್ಲೇ. ಬೆಲೆಯ ಮೇಲೆ ಒಂದು ಕಣ್ಣಿಡಬೇಕು ಎಂಬುದು ಸರ್ಕಾರಕ್ಕೂ ಬೆಳೆಗಾರನಿಗೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೊಳೆಯಿತೆನ್ನಬಹುದು.

ಮೂಲವರ್ಷವನ್ನು ಆಗಾಗ ಬದಲಿಸುತ್ತಾ ಬಂದಿದ್ದಾರೆ. 2017ರ ಮೇ ತಿಂಗಳಲ್ಲಿ 2011-12ನೆಯ ಸಾಲನ್ನು ಮೂಲವಾಗಿಟ್ಟ ಸರಣಿ ಜಾರಿಗೆ ಬಂತು. ಅದಕ್ಕೆ 697 ಸರಕುಗಳನ್ನು ಆರಿಸಿಕೊಂಡರು. ಅವುಗಳಲ್ಲಿ 117 ಹೊಲ, ತೋಟ, ಗಣಿಗಳಿಂದ ನೇರವಾಗಿ ಬರುವ ಪ್ರಾಥಮಿಕ ವಸ್ತುಗಳು. 16 ಇಂಧನ ಮತ್ತು ವಿದ್ಯುತ್ ಗುಂಪಿನವು. ಉಳಿದ 564 ಕಾರ್ಖಾನೆಯ ಮಾಲುಗಳು. ಎಲ್ಲಕ್ಕೂ ಸಮಾನ ತೂಕವಿಲ್ಲ. ನೂರರಲ್ಲಿ ಪ್ರಾಥಮಿಕ ವಸ್ತುಗಳಿಗೆ 22.62, ಇಂಧನಕ್ಕೆ 13.15, ಕಾರ್ಖಾನೆ ಮಾಲಿಗೆ 64.23 ಎಂದು ತೂಕ ಕಟ್ಟಿದರು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಗಟು ಬೆಲೆ ಸೂಚ್ಯಂಕವೆಂದರೆ ಬಹುಪಾಲು ಕಾರ್ಖಾನೆಯ ಬೆಲೆಯ ಸೂಚ್ಯಂಕ. ಕಬ್ಬಿಣ, ರಾಸಾಯನಿಕ, ಬಟ್ಟೆ, ಯಂತ್ರ, ಸಿಮೆಂಟು ಇವು ಹೇಗೆ ನಡೆದರೆ ಅದು ಹಾಗೆ ನಡೆಯುತ್ತದೆ. ಪ್ರಾಥಮಿಕ ವಸ್ತುಗಳಲ್ಲೂ ಭತ್ತ, ಗೋಧಿ, ಹಾಲು, ತರಕಾರಿಗಳದೇ ದೊಡ್ಡ ಪಾಲು. ಮೆಣಸೂ ಸೇರಿದಂತೆ ಸಾಂಬಾರ ಪದಾರ್ಥಗಳೆಲ್ಲ ಒಟ್ಟುಗೂಡಿದರೂ ನೂರರಲ್ಲಿ ಒಂದಂಶ ಆಗುವುದಿಲ್ಲ. ಆದುದರಿಂದ "ಸಗಟು ಬೆಲೆ ಏರಿತು" ಎಂಬ ತಲೆಬರಹ ನೋಡಿ ನಿಮ್ಮ ಅಟ್ಟದ ಮೇಲಿನ ಅಡಿಕೆಯ ಬೆಲೆಯೂ ಏರುತ್ತದೆಂದು ಕಾಯುವುದು ಸರಿಯಲ್ಲ. ಅಡಿಕೆಯ ದಾರಿ ಬೇರೆ. ಹೊರದೇಶದ ಅಡಿಕೆ ಎಷ್ಟು ಬರುತ್ತದೆ, ಯಾವ ಬೆಲೆಗೆ ಬರುತ್ತದೆ ಎಂಬುದು ಅದಕ್ಕೆ ಮುಖ್ಯ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ನಿಮಗೆ ನೆನಪಿರಬಹುದು. ಅಂಥ ಒಂದು ಆದೇಶ ನಮ್ಮ ಧಾರಣೆಗೆ ಮಾಡುವಷ್ಟನ್ನು ಕಬ್ಬಿಣ ಸಿಮೆಂಟುಗಳ ಏರಿಳಿತ ಮಾಡದು.

ಏರಿಕೆಯ ವೇಗ ಬೇರೆ, ಬೆಲೆ ಬೇರೆ

ಈಗ ನನ್ನ ತಪ್ಪಿಗೆ ಬರೋಣ. ಪತ್ರಿಕೆಯ ತಲೆಬರಹದಲ್ಲಿ ಬರುವ ಶೇಕಡಾವಾರು ಸಂಖ್ಯೆ ಬೆಲೆಯನ್ನು ಹೇಳುವುದಿಲ್ಲ. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಬೆಲೆ ಎಷ್ಟು ಏರಿದೆ ಎಂಬುದನ್ನು ಹೇಳುತ್ತದೆ.

2020ರ ಡಿಸೆಂಬರಿನಲ್ಲಿ ಒಂದು ಗಂಟು ಸರಕಿಗೆ ನೂರು ರೂಪಾಯಿ ಇತ್ತೆನ್ನಿ. 2021ರ ಡಿಸೆಂಬರಿನಲ್ಲಿ ಏರಿಕೆ ಶೇ. 14ರ ಆಸುಪಾಸಿನಲ್ಲಿತ್ತು, ಗಂಟಿನ ಬೆಲೆ 114 ಆಯಿತು. 2022ರ ಡಿಸೆಂಬರಿನಲ್ಲಿ ಏರಿಕೆ ಶೇ. 5ರ ಆಸುಪಾಸಿಗೆ "ಇಳಿಯಿತು". ಆಗ ಗಂಟಿನ ಬೆಲೆ ಎಷ್ಟು? 114ರ ಮೇಲೆ ಮತ್ತೆ ಶೇ. 5, ಅಂದರೆ 120ರ ಹತ್ತಿರ. ಬೆಟ್ಟ ಹತ್ತುವವನು ಓಡುವುದನ್ನು ಬಿಟ್ಟು ನಡೆಯತೊಡಗಿದರೆ ಕೆಳಗೆ ಇಳಿಯುತ್ತಿದ್ದಾನೆ ಎನ್ನುತ್ತೇವೆಯೇ? ನಾನು ಸಭೆಯಲ್ಲಿ ಹೇಳಿದ್ದು ಅಂಥದೇ ಮಾತು.

ಇದರ ಜೊತೆಗೆ ಎರಡನೆಯ ತಪ್ಪೂ ಇತ್ತು. ಒಟ್ಟು ಸಂಖ್ಯೆ ಎಂದರೆ ನೂರಾರು ಸರಕುಗಳ ಸರಾಸರಿ. ಎಣ್ಣೆ, ಲೋಹಗಳ ಬೆಲೆ ತಗ್ಗಿ ಸರಾಸರಿ ತಗ್ಗಿರಬಹುದು. ಅದರಿಂದ ಪಂಪಿನ ಬೆಲೆಯೂ ತಗ್ಗಲೇಬೇಕೆಂದಿಲ್ಲ. ತಯಾರಾದ ಯಂತ್ರದ ಬೆಲೆ ಏರುವಾಗ ಬೇಗ ಏರುತ್ತದೆ, ಇಳಿಯುವುದು ಅಪರೂಪ ಎಂಬುದನ್ನು ನೀವು ಅನುಭವದಿಂದ ಬಲ್ಲಿರಿ.

ಹಾಗೆಯೇ 2023ರ ಏಪ್ರಿಲಿನಲ್ಲಿ ಸೂಚ್ಯಂಕದ ಏರಿಕೆ ಸೊನ್ನೆಗಿಂತ ಕೆಳಗೆ ಹೋಯಿತು. ಅದಕ್ಕೆ ಒಂದು ಮುಖ್ಯ ಕಾರಣ ಹಿಂದಿನ ವರ್ಷದ ಏಪ್ರಿಲಿನಲ್ಲಿ ಬೆಲೆ ವಿಪರೀತ ಎತ್ತರದಲ್ಲಿದ್ದದ್ದು. ಎತ್ತರದ ದಿಣ್ಣೆಯ ಪಕ್ಕ ನಿಂತರೆ ಯಾರೂ ಕುಳ್ಳಗೆ ಕಾಣುತ್ತಾರೆ. ಆದ್ದರಿಂದ ಶೇಕಡಾವಾರನ್ನು ಓದುವಾಗ "ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು?" ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ಮೊದಲು ಪ್ರಕಟವಾಗುವ ಸಂಖ್ಯೆ ತಾತ್ಕಾಲಿಕ, ಮುಂದೆ ಅದನ್ನು ತಿದ್ದುತ್ತಾರೆ ಎಂಬುದೂ ನೆನಪಿನಲ್ಲಿರಲಿ.

ನಮ್ಮ ತೋಟಕ್ಕೆ ಇದರ ಸಂಬಂಧವೇನು?

ಬೆಲೆಯ ಏರಿಳಿತ ಕಾರ್ಖಾನೆ ಬಾಗಿಲಿನಿಂದ ನಮ್ಮ ತೋಟದ ಬೇಲಿಯವರೆಗೆ ಬರುವ ದಾರಿಯನ್ನು ಎರಡು ಉದಾಹರಣೆಗಳಲ್ಲಿ ನೋಡೋಣ.

ಮೊದಲನೆಯದು ಮೈಲುತುತ್ತ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಪಾಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಮೈಲುತುತ್ತದಲ್ಲಿ ತೂಕದ ಕಾಲು ಭಾಗ ತಾಮ್ರ. ತಾಮ್ರದ ಬೆಲೆ ನಿರ್ಧಾರವಾಗುವುದು ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ. 2018ರ ಮೇ ತಿಂಗಳಲ್ಲಿ ತಮಿಳುನಾಡಿನ ತೂತ್ತುಕುಡಿಯ ದೊಡ್ಡ ತಾಮ್ರ ಕಾರ್ಖಾನೆ ಮುಚ್ಚಿತು. ಅದುವರೆಗೆ ಶುದ್ಧ ತಾಮ್ರವನ್ನು ರಫ್ತು ಮಾಡುತ್ತಿದ್ದ ನಮ್ಮ ದೇಶ, ತರಿಸಿಕೊಳ್ಳುವುದೇ ಹೆಚ್ಚಾದ ದೇಶವಾಯಿತು. 2021ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ತಾಮ್ರ ಟನ್ನಿಗೆ 10 ಸಾವಿರ ಡಾಲರನ್ನು ದಾಟಿತು. ಆ ಬಿಸಿ ಶೃಂಗೇರಿ, ಕೊಪ್ಪದ ಅಂಗಡಿಗಳ ಮೈಲುತುತ್ತದ ಚೀಲದವರೆಗೂ ಬಂತು. ಅಂಗಡಿಯವನೊಡನೆ ಜಗಳವಾಡಿ ಪ್ರಯೋಜನವಿರಲಿಲ್ಲ. ಸೂಚ್ಯಂಕದಲ್ಲಿ ಲೋಹಗಳ ಗುಂಪು ಏರುತ್ತಿದೆ ಎಂಬ ಸುದ್ದಿ ಕಂಡರೆ ಮುಂದಿನ ಮಳೆಗಾಲದ ಮೈಲುತುತ್ತವನ್ನು ಸಹಕಾರ ಸಂಘದ ಮೂಲಕ ಒಟ್ಟಾಗಿ, ಮೊದಲೇ ತರಿಸಿಡುವ ಯೋಚನೆ ಮಾಡಬಹುದು. ತೇವ ತಾಗದಂತೆ ಇಟ್ಟರೆ ಅದು ಕೆಡುವ ವಸ್ತುವಲ್ಲ.

ಎರಡನೆಯದು ಗೊಬ್ಬರ. ಇಲ್ಲಿ ದಾರಿ ಸ್ವಲ್ಪ ಡೊಂಕು. ಯೂರಿಯಾದ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2018ರಲ್ಲಿ 45 ಕಿಲೋ ಚೀಲ ಬಂದ ಮೇಲೆ ತೆರಿಗೆ, ಬೇವಿನ ಲೇಪ ಎಲ್ಲ ಸೇರಿ 266 ರೂಪಾಯಿ 50 ಪೈಸೆಯ ಸುಮಾರಿಗೆ ಅದು ನಿಂತಿತು. 2022ರಲ್ಲಿ ಜಗತ್ತಿನ ಗೊಬ್ಬರ ಪೇಟೆಗೆ ಬೆಂಕಿ ಬಿದ್ದಾಗಲೂ ಕದಲಲಿಲ್ಲ. ಏರಿದ ಭಾರವನ್ನು ಸರ್ಕಾರದ ಸಹಾಯಧನ ಹೊತ್ತಿತು. ಪೊಟ್ಯಾಷ್ ಹಾಗಲ್ಲ. 2010ರ ಏಪ್ರಿಲಿನಿಂದ ಅದಕ್ಕೆ ಸಹಾಯಧನ ನಿಗದಿಯಾಗಿದ್ದು, ಮಾರಾಟದ ಬೆಲೆ ಪೇಟೆಯ ಜೊತೆ ಓಡಾಡುತ್ತದೆ. ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹೊರದೇಶದಿಂದ ಬರುವಂಥದು. ಬೆಲಾರೂಸಿನ ಮೇಲೆ ನಿರ್ಬಂಧ, 2022ರ ಫೆಬ್ರವರಿಯಲ್ಲಿ ಆರಂಭವಾದ ರಷ್ಯಾ-ಉಕ್ರೇನ್ ಯುದ್ಧ ಇವುಗಳಿಂದ, ಹಿಂದೆ ಸಾವಿರ ರೂಪಾಯಿಯ ಸುಮಾರಿಗಿದ್ದ ಚೀಲ 1,700ಕ್ಕೆ ಬಂತು.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. 140 ಗ್ರಾಂ ಪೊಟ್ಯಾಷಿಗೆ ಸುಮಾರು 233 ಗ್ರಾಂ ಗೊಬ್ಬರ ಬೇಕು. ಐನೂರು ಮರಕ್ಕೆ 117 ಕಿಲೋ, ಅಂದರೆ ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಚೀಲಕ್ಕೆ ಏಳುನೂರು ಏರಿದರೆ ಹೆಚ್ಚಿನ ಖರ್ಚು ಸುಮಾರು 1,600 ರೂಪಾಯಿ. ಇಷ್ಟನ್ನು ಉಳಿಸಲೆಂದು ಆ ವರ್ಷ ಹಲವರು ಪೊಟ್ಯಾಷನ್ನೇ ಬಿಟ್ಟು, ಅಗ್ಗವಾಗಿ ಸಿಕ್ಕಿದ ಯೂರಿಯಾವನ್ನು ಹೆಚ್ಚಿಗೆ ಸುರಿದರು. ಎಲೆ ಚುಕ್ಕೆ ರೋಗ, ಹಳದಿ ಎಲೆ ರೋಗಗಳಿಂದ ಮೊದಲೇ ಸೊರಗಿರುವ ನಮ್ಮ ತೋಟಗಳಿಗೆ ಇದು ಒಳ್ಳೆಯದಲ್ಲ. ಯಾವ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದೆ, ಯಾವುದನ್ನು ಬಿಟ್ಟಿದೆ ಎಂದು ತಿಳಿದಿದ್ದರೆ ಹಣವನ್ನು ಮೊದಲೇ ತೆಗೆದಿಡಬಹುದು.

ಸೂಚ್ಯಂಕ ಹೇಳದ ಮಾತುಗಳು

ಇನ್ನು ಈ ಲೆಕ್ಕದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. 2011-12ರ ಸರಣಿಯಲ್ಲಿ ತೆರಿಗೆಯನ್ನು ಲೆಕ್ಕದಿಂದ ಹೊರಗಿಟ್ಟರು. ಚಿಲ್ಲರೆ ಅಂಗಡಿಯವನ ಲಾಭವೂ ಅದರಲ್ಲಿ ಇಲ್ಲ. ಇದು ಸರಕಿನ ಲೆಕ್ಕವೇ ಹೊರತು ದುಡಿಮೆಯ ಲೆಕ್ಕವಲ್ಲ. ಕೊನೆಗಾರನ ಮಜೂರಿ, ಅಡಿಕೆ ಸುಲಿಯುವ ಖರ್ಚು, ತೋಟದ ಆಳಿನ ಕೂಲಿ ಯಾವುದೂ ಅದರಲ್ಲಿ ಸೇರುವುದಿಲ್ಲ. ನಮ್ಮ ತೋಟದ ಖರ್ಚಿನಲ್ಲಿ ದೊಡ್ಡ ಪಾಲು ಯಾವುದೋ ಅದೇ ಇಲ್ಲಿ ಇಲ್ಲ.

ಆದರೆ ಇದೇ ಸೂಚ್ಯಂಕವನ್ನು ಹಿಡಿದು ಬೇರೆಯವರು ತಮ್ಮ ಬೆಲೆಯನ್ನು ಕಾಪಾಡಿಕೊಳ್ಳುತ್ತಾರೆ. ಅವಶ್ಯಕ ಔಷಧಿಗಳ ಗರಿಷ್ಠ ಬೆಲೆಯನ್ನು 2013ರ ಔಷಧಿ ಬೆಲೆ ನಿಯಂತ್ರಣ ಆದೇಶದಂತೆ ಪ್ರತಿ ಏಪ್ರಿಲಿನಲ್ಲಿ ಸಗಟು ಸೂಚ್ಯಂಕಕ್ಕೆ ತಕ್ಕಂತೆ ಪರಿಷ್ಕರಿಸುತ್ತಾರೆ. 2022ರಲ್ಲಿ ಶೇ. 10ಕ್ಕಿಂತ ಹೆಚ್ಚು, 2023ರಲ್ಲಿ ಶೇ. 12ರಷ್ಟು ಏರಿಸಲು ಕಂಪನಿಗಳಿಗೆ ಅವಕಾಶ ಸಿಕ್ಕಿತು; 2024ರಲ್ಲಿ ಏರಿಕೆ ಹೆಸರಿಗೆ ಮಾತ್ರ ಇತ್ತು. ರಾಷ್ಟ್ರೀಯ ಹೆದ್ದಾರಿಯ ಸುಂಕಕ್ಕೂ 2008ರ ನಿಯಮದಲ್ಲಿ ಇದೇ ಆಧಾರ: ವರ್ಷಕ್ಕೆ ಶೇ. 3 ಖಾಯಂ, ಅದರ ಮೇಲೆ ಸಗಟು ಸೂಚ್ಯಂಕದ ಏರಿಕೆಯ ಶೇ. 40 ಪಾಲು. ದೊಡ್ಡ ಕಾಮಗಾರಿಗಳ ಗುತ್ತಿಗೆಯಲ್ಲೂ ಸಿಮೆಂಟು, ಉಕ್ಕಿನ ಸೂಚ್ಯಂಕ ಏರಿದರೆ ಗುತ್ತಿಗೆದಾರನಿಗೆ ಹೆಚ್ಚುವರಿ ಕೊಡುವ ಷರತ್ತು ಇರುವುದುಂಟು.

ಅಡಿಕೆ, ಮೆಣಸು, ಕಾಫಿ ಬೆಳೆಯುವವನಿಗೆ ಇಂಥ ಆಸರೆ ಇಲ್ಲ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಸಾರುವ 22 ಬೆಳೆಗಳಲ್ಲಿ ಈ ಮೂರೂ ಸೇರಿಲ್ಲ. ಖರ್ಚು ಏರಿದಷ್ಟೂ ಬೆಲೆ ಏರಲಿ ಎಂದು ಕೇಳುವುದಕ್ಕೆ ನಮ್ಮ ಕೈಯಲ್ಲಿ ಲೆಕ್ಕದ ಕಾಗದವೇ ಇಲ್ಲ. ನಿಯೋಗ ಹೋದಾಗ "ಖರ್ಚು ಬಹಳ ಆಗಿದೆ ಸ್ವಾಮಿ" ಎಂದು ಹೇಳಿ ಬರುತ್ತೇವೆ. "ಎಷ್ಟು?" ಎಂದು ಎದುರಿನವರು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಉತ್ಪಾದಕರ ಬೆಲೆ ಸೂಚ್ಯಂಕ

ಅಮೆರಿಕದಲ್ಲಿ 1978ರಲ್ಲಿಯೇ ಸಗಟು ಸೂಚ್ಯಂಕದ ಹೆಸರು ಹೋಗಿ ಉತ್ಪಾದಕರ ಬೆಲೆ ಸೂಚ್ಯಂಕ ಬಂತು. ತಯಾರಿಸುವವನ ಕೈಗೆ ಎಷ್ಟು ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ, ತಯಾರಿಸಲು ಅವನು ಕೊಳ್ಳುವ ಸಾಮಗ್ರಿಗೆ ಎಷ್ಟು ಕೊಡುತ್ತಾನೆ ಎಂಬುದಕ್ಕೆ ಇನ್ನೊಂದು ಲೆಕ್ಕ ಎಂಬುದು ಈ ಪದ್ಧತಿಯ ಹೆಚ್ಚುಗಾರಿಕೆ. ಸಾರಿಗೆಯಂಥ ಸೇವೆಗಳಿಗೂ ಅದರಲ್ಲಿ ಜಾಗವುಂಟು. ನಮ್ಮಲ್ಲೂ 2014ರಲ್ಲಿ ಬಿ. ಎನ್. ಗೋಲ್ಡರ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕಾಗಿ ಒಂದು ಕಾರ್ಯತಂಡ ರಚನೆಯಾಯಿತು. 2025ರ ಜನವರಿಯಲ್ಲಿ ರಮೇಶ್ ಚಂದ್ ಅವರ ನೇತೃತ್ವದ ಮತ್ತೊಂದು ತಂಡಕ್ಕೆ, ಮೂಲವರ್ಷವನ್ನು 2022-23ಕ್ಕೆ ತರುವುದರ ಜೊತೆಗೆ ಉತ್ಪಾದಕರ ಸೂಚ್ಯಂಕಕ್ಕೆ ಸಾಗುವ ದಾರಿಯನ್ನೂ ಸೂಚಿಸಲು ವಹಿಸಲಾಯಿತು.

ಕಾರ್ಖಾನೆಯವನಿಗೆ ಬರುವ ಬೆಲೆ, ಕೊಡುವ ಬೆಲೆ ಎರಡನ್ನೂ ಬೇರೆ ಬೇರೆಯಾಗಿ ಎಣಿಸಬೇಕು ಎಂಬುದು ನ್ಯಾಯವೇ. ಹಾಗಾದರೆ ತೋಟದವನೂ ಉತ್ಪಾದಕನೇ ಅಲ್ಲವೇ? ಅವನ ಎರಡು ಲೆಕ್ಕಗಳನ್ನು ದಿಲ್ಲಿ ಮಾಡುವವರೆಗೆ ಕಾಯಬೇಕಾಗಿಲ್ಲ. ಒಂದು ಪುಸ್ತಕ, ಒಂದು ಪೆನ್ನು ಇದ್ದರೆ ನಾವೇ ಮಾಡಬಹುದು.

ನಿಮ್ಮ ತೋಟದ ಸೂಚ್ಯಂಕ

ಲೆಕ್ಕ ಕಲಿಯುವುದಕ್ಕಾಗಿ ಕೆಲವು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ನಿಮ್ಮ ತೋಟದ ಖರ್ಚು ಹೋದ ವರ್ಷ ನೂರು ರೂಪಾಯಿ ಎನ್ನಿ. ಅದರಲ್ಲಿ ಕೂಲಿ 50, ಗೊಬ್ಬರ 20, ಔಷಧಿ 15, ಡೀಸೆಲ್ ಮತ್ತು ಸಾಗಣೆ 10, ಇತರೆ 5. ಈ ವರ್ಷ ಕೂಲಿ ಶೇ. 10 ಏರಿತು, ಗೊಬ್ಬರ ಇದ್ದಂತೆಯೇ ಇದೆ, ಔಷಧಿ ಶೇ. 20 ಏರಿತು, ಡೀಸೆಲ್ ಖರ್ಚು ಶೇ. 5 ಇಳಿಯಿತು, ಇತರೆ ಬದಲಾಗಲಿಲ್ಲ. ಈಗ ಕೂಲಿ 55, ಗೊಬ್ಬರ 20, ಔಷಧಿ 18, ಡೀಸೆಲ್ ಒಂಬತ್ತೂವರೆ, ಇತರೆ 5. ಒಟ್ಟು 107 ರೂಪಾಯಿ 50 ಪೈಸೆ. ನಿಮ್ಮ ತೋಟದ ಸೂಚ್ಯಂಕ 107.5.

ಇದರಲ್ಲಿ ಕೂಲಿಯನ್ನು ಬಿಟ್ಟು ಸರಕನ್ನು ಮಾತ್ರ ಎಣಿಸಿ ನೋಡಿ. ಐವತ್ತು ರೂಪಾಯಿಯದು ಐವತ್ತೆರಡೂವರೆ ಆಯಿತು, ಸೂಚ್ಯಂಕ 105. ಕೂಲಿ ಕಾಣದ ಲೆಕ್ಕ ನಮ್ಮ ಕಷ್ಟವನ್ನು ಎಷ್ಟು ಕಡಿಮೆ ಮಾಡಿ ತೋರಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸುಲಭ ಲೆಕ್ಕವೂ ಇದೆ. ಒಂದು ಕ್ವಿಂಟಾಲ್ ಅಡಿಕೆಗೆ ಎಷ್ಟು ಆಳು ಬರುತ್ತಾರೆ ಎಂದು ನೋಡುವುದು. ಅಡಿಕೆ 40 ಸಾವಿರ, ಕೂಲಿ 500 ಇದ್ದಾಗ 80 ಆಳು. ಅಡಿಕೆ 44 ಸಾವಿರಕ್ಕೆ ಏರಿತು, ಕೂಲಿ 600 ಆಯಿತು ಎನ್ನಿ. ಆಗ 73 ಆಳು. ಧಾರಣೆ ನಾಲ್ಕು ಸಾವಿರ ಏರಿದರೂ ನಿಮ್ಮ ಕ್ವಿಂಟಾಲಿನ ಬಲ ಏಳು ಆಳಿನಷ್ಟು ಕುಗ್ಗಿತು. ಧಾರಣೆಯನ್ನು ಮಾತ್ರ ನೋಡುವವನಿಗೆ ಇದು ಕಾಣುವುದಿಲ್ಲ. ಆಳಿನ ಬದಲು ಮೈಲುತುತ್ತ, ಪೊಟ್ಯಾಷ್ ಇವನ್ನು ಇಟ್ಟುಕೊಂಡೂ ಲೆಕ್ಕ ಹಾಕಬಹುದು.

ಒಬ್ಬರೇ ಮಾಡಿದರೆ ಅದು ಮನೆಯ ಲೆಕ್ಕ. ಊರಿನ ಹತ್ತು ಮಂದಿ ಸೇರಿ ಮಾಡಿದರೆ ಅದು ಸಾಕ್ಷ್ಯ. ಆದುದರಿಂದ ವಾಚನಾಲಯದ ಓದುಗರಿಗೆ ನನ್ನ ಸೂಚನೆಗಳು ಇಷ್ಟು:

1. ಕೂಲಿ, ಮೈಲುತುತ್ತ, ಸುಣ್ಣ, ಪೊಟ್ಯಾಷ್, ಡೀಸೆಲ್ ಇವುಗಳ ಬೆಲೆಯನ್ನು ಪ್ರತಿ ತಿಂಗಳು ಒಂದೇ ದಿನ, ಒಂದೇ ಅಂಗಡಿಯಲ್ಲಿ ವಿಚಾರಿಸಿ ಪುಸ್ತಕದಲ್ಲಿ ಬರೆಯಿರಿ.

2. ಅದರ ಎದುರಿನ ಪುಟದಲ್ಲಿ ರಾಶಿ ಇಡಿ, ಬೆಟ್ಟೆ, ಗೊರಬಲು ಇವುಗಳ ಅದೇ ದಿನದ ಧಾರಣೆ ಬರೆಯಿರಿ. ಒಂದು ತಿಂಗಳು ಒಂದು ಜಾತಿ, ಇನ್ನೊಂದು ತಿಂಗಳು ಇನ್ನೊಂದು ಜಾತಿ ಎಂದು ಮಾಡಬೇಡಿ.

3. ಪತ್ರಿಕೆಯಲ್ಲಿ ಸಗಟು ಸೂಚ್ಯಂಕದ ಸುದ್ದಿ ಬಂದಾಗ ಒಟ್ಟು ಸಂಖ್ಯೆಗೆ ನಿಲ್ಲದೆ ಲೋಹ, ರಾಸಾಯನಿಕ, ಇಂಧನ ಗುಂಪುಗಳನ್ನು ನೋಡಿ. ಅವು ನಿಮ್ಮ ಮುಂದಿನ ಖರ್ಚಿನ ಮುನ್ಸೂಚನೆ.

4. ಏರಿಕೆ ಕಡಿಮೆಯಾಯಿತು ಎಂಬ ಸುದ್ದಿಯನ್ನು ನಂಬಿ ಮಳೆಗಾಲದ ಸಿದ್ಧತೆಯನ್ನು ಮುಂದೂಡಬೇಡಿ. ರೋಗಕ್ಕೆ ಸೂಚ್ಯಂಕ ಗೊತ್ತಿಲ್ಲ.

5. ವರ್ಷದ ಕೊನೆಗೆ ಆ ಪುಸ್ತಕವನ್ನು ನಿಮ್ಮ ಸಹಕಾರ ಸಂಘದ ಸಭೆಯಲ್ಲಿ ಓದಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಸಂಘಗಳು ಹೀಗೆ ಲೆಕ್ಕ ಇಟ್ಟರೆ, ಮುಂದಿನ ನಿಯೋಗ ಹೋಗುವಾಗ "ಎಷ್ಟು?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುತ್ತದೆ.

ಸಿರಿಮನೆಯ ಆ ಇಬ್ಬರಲ್ಲಿ ಒಬ್ಬರು ಈಗ ಇಂಥ ಪುಸ್ತಕ ಇಟ್ಟಿದ್ದಾರೆ. ಹೋದ ಸಲ ಅವರ ಮನೆಗೆ ಹೋದಾಗ ಕಾಫಿ ಕೊಟ್ಟು, ಪುಸ್ತಕ ತೆರೆದು, "ಈ ಸಲ ನಿಮ್ಮನ್ನು ಕೇಳುವುದಿಲ್ಲ ಸಾರ್, ನೀವೇ ನೋಡಿ ಹೇಳಿ" ಎಂದು ನಕ್ಕರು. ಪಂಪನ್ನು ಅವರು ದೀಪಾವಳಿಯ ಹೊತ್ತಿಗೇ ರಿಪೇರಿ ಮಾಡಿಸಿ ಇಟ್ಟಿದ್ದರು.